ಸಂತೆಯ ಬುಟ್ಟಿ, ಐನ್‌ಮನೆಯ ದೀಪ: ನೆಲ್ಯಹುದಿಕೇರಿ ಪರಿಸರದಲ್ಲಿ ಹಳೆಯ ಹಾಗೂ ಕೈಕಸುಬಿನ ವಸ್ತುಗಳ ಶೋಧ

ಪ್ರವೇಶ

ವಾರದ ಸಂತೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಅದನ್ನು ಕೃಷಿ ಉತ್ಪನ್ನಗಳ ವಿನಿಮಯ ಕೇಂದ್ರವಾಗಿ, ಇಲ್ಲವೇ ಗ್ರಾಮೀಣ ಬದುಕಿನ ಮಿಲನಸ್ಥಾನವಾಗಿ ಪರಿಭಾವಿಸಿವೆ. ಈ ಎರಡು ನೆಲೆಗಳೂ ಸಾಧುವಾದವೇ. ಆದರೆ ಇತ್ತೀಚಿನ ದಶಕಗಳಲ್ಲಿ ಸಂತೆಗೆ ಇನ್ನೊಂದು ಬಗೆಯ ಗಿರಾಕಿಯ ಪ್ರವೇಶವಾಗಿದೆ. ಈತನಿಗೆ ತರಕಾರಿ, ಒಣಮೀನು, ಬಟ್ಟೆಬರೆಗಳು ಬೇಕಿಲ್ಲ. ಬಳಕೆ ತಪ್ಪಿದ ಕಂಚಿನ ಪಾತ್ರೆ, ಮಾಸಿದ ಮರದ ಪೆಟ್ಟಿಗೆ, ಅಳತೆಯ ಸೇರು, ಕೈಯಲ್ಲಿ ಹೆಣೆದ ಬುಟ್ಟಿ ಬೇಕು. ಬಳಸುವುದಕ್ಕಿಂತ ಹೆಚ್ಚಾಗಿ ಇರಿಸಿಕೊಳ್ಳುವುದಕ್ಕಾಗಿ ಕೊಳ್ಳುವ ಈ ಗಿರಾಕಿ ಸಂತೆಯ ಮೌಲ್ಯವ್ಯವಸ್ಥೆಯನ್ನು ಒಂದಿಷ್ಟು ಪಲ್ಲಟಗೊಳಿಸುತ್ತಾನೆ. ಸವೆದ ವಸ್ತುವಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಕೊಡಲು ಆತ ಸಿದ್ಧನಿದ್ದಾನೆ. ಹೊಸದಾಗಿ ಹೆಣೆದ ವಸ್ತುವಿಗೆ ಮಾತ್ರ ಚೌಕಾಶಿ ಮಾಡುತ್ತಾನೆ.

ಈ ಹುಡುಕಾಟದ ಹಿಂದಿರುವ ಅಭಿರುಚಿ ಸಹಜವಾದುದೆಂದೂ ನಿರಪಾಯಕಾರಿಯೆಂದೂ ತೋರುತ್ತದೆ. ಆದರೆ ಯಾವುದು ಹಳೆಯದು, ಯಾವುದು ಅಮೂಲ್ಯ, ಯಾವುದು ಬರಿಯ ಬಳಕೆಯ ಸಾಮಾನು ಎಂಬ ತೀರ್ಮಾನಗಳು ವಸ್ತುವಿನಲ್ಲಿಯೇ ಹುದುಗಿರುವುದಿಲ್ಲ. ಅವುಗಳ ಹಿಂದೆ ಭೂಮಿ, ಮನೆ, ಜಾತಿ ಹಾಗೂ ದುಡಿಮೆಯ ಚರಿತ್ರೆ ಇರುತ್ತದೆ. ಕೊಡಗಿನ ನೆಲ್ಯಹುದಿಕೇರಿ ಮತ್ತು ಅದರ ನೆರೆಯ ಸಿದ್ದಾಪುರ ಪರಿಸರವನ್ನು ಮುಂದಿಟ್ಟುಕೊಂಡು ಈ ತೀರ್ಮಾನಗಳನ್ನು ವಿಮರ್ಶೆಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ಸಂತೆ

ನೆಲ್ಯಹುದಿಕೇರಿಯು ಕಾವೇರಿಯ ದಂಡೆಯ ಊರು. ಹಿಂದೆ ಸೋಮವಾರಪೇಟೆ ತಾಲ್ಲೂಕಿನಲ್ಲಿದ್ದು ಈಗ ಕುಶಾಲನಗರ ತಾಲ್ಲೂಕಿಗೆ ಸೇರಿದೆ. ಸೇತುವೆ ದಾಟಿದರೆ ವಿರಾಜಪೇಟೆ ತಾಲ್ಲೂಕಿನ ಸಿದ್ದಾಪುರ. ದಂಡೆಯುದ್ದಕ್ಕೂ ಕಾಫಿ ತೋಟಗಳು ಹಬ್ಬಿದ್ದು, ತೋಟದ ದುಡಿಮೆಯನ್ನು ನೆಚ್ಚಿದ ಯರವರು, ಕುರುಬರು, ಮಲಯಾಳ ಹಾಗೂ ತಮಿಳು ಮಾತನಾಡುವ ಕುಟುಂಬಗಳು, ಕನ್ನಡ ಸೀಮೆಯ ಕೂಲಿಕಾರರು ಒಂದೆಡೆ ಬದುಕುತ್ತಿದ್ದಾರೆ. ಕಾವೇರಿಯ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ಇರುವ ಹಾಡಿಗಳಲ್ಲಿ ಜೇನುಕುರುಬರು ಮತ್ತು ಬೆಟ್ಟಕುರುಬರು ನೆಲೆಸಿದ್ದಾರೆ. ದುಬಾರೆಯ ಹಾಡಿ ಇವುಗಳಲ್ಲಿ ಪ್ರಸಿದ್ಧವಾದುದು.

ಕೊಡಗಿನ ವಾರದ ಲೆಕ್ಕವನ್ನು ಸಂತೆಗಳೇ ನಿರ್ಧರಿಸುತ್ತವೆ. ಮಡಿಕೇರಿಗೆ ಶುಕ್ರವಾರ, ಕುಶಾಲನಗರಕ್ಕೆ ಮಂಗಳವಾರ, ಸಿದ್ದಾಪುರಕ್ಕೆ ಭಾನುವಾರ. ಶನಿವಾರಸಂತೆಯಂತೂ ತನ್ನ ವಾರವನ್ನೇ ಊರಿನ ಹೆಸರಾಗಿಸಿಕೊಂಡಿದೆ. ಸಿದ್ದಾಪುರದ ಭಾನುವಾರಕ್ಕೆ ವಿಶೇಷವಾದ ಅರ್ಥವಿದೆ. ತೋಟದ ಆಳುಗಳಿಗೆ ಅದು ಬಿಡುವಿನ ದಿನ. ಹೀಗಾಗಿ ಇಲ್ಲಿನ ಸಂತೆಯನ್ನು ರೂಪಿಸಿದ್ದು ಜಮೀನುದಾರನ ಅಗತ್ಯಕ್ಕಿಂತ ಹೆಚ್ಚಾಗಿ ಕೂಲಿಯವನ ವಾರದ ಕೈಗಾಸು. ಹಳೆಯ ವಸ್ತುಗಳ ಶೋಧಕ ಈ ಸಂತೆಗೆ ಬಂದಾಗ ಎದುರಾಗುವುದು ಎರಡು ಭಿನ್ನ ವಸ್ತುಲೋಕಗಳು ಎಂಬುದನ್ನು ಮೊದಲು ಗುರುತಿಸಬೇಕು. ಮನೆಯಿಂದ ಹೊರಬಿದ್ದು ಗುಜರಿಯ ದಾರಿಯಲ್ಲಿ ಮಾರುಕಟ್ಟೆ ಸೇರುವ ವಸ್ತುಗಳದು ಒಂದು ಲೋಕ. ಮಾರುವುದಕ್ಕೆಂದೇ ಕೈಯಲ್ಲಿ ಸಿದ್ಧಗೊಂಡು ಬರುವ ವಸ್ತುಗಳದು ಇನ್ನೊಂದು.

ಐನ್‌ಮನೆಯ ವಸ್ತುಗಳು

ಕೊಡಗಿನ ಪ್ರಾಚ್ಯವಸ್ತು ಎಂದೊಡನೆ ಕಣ್ಣಮುಂದೆ ಬರುವ ಪಟ್ಟಿ ಬಹುಮಟ್ಟಿಗೆ ಸ್ಥಿರವಾಗಿದೆ: ಪೀಚೆಕತ್ತಿ, ಒಡಿಕತ್ತಿ, ಅದನ್ನು ಬೆನ್ನಿಗೆ ಸಿಕ್ಕಿಸುವ ತೊಡಂಗ್, ಜೋಮಾಲೆ, ಕೊಕ್ಕೆತಾತಿ, ಪತ್ತಾಕ್, ತೂಗುದೀಪವಾದ ತೂಕ್‌ಬೊಳ್‌ಚ, ಮದುವೆಯ ಮುಕ್ಕಾಲಿ, ಕೆತ್ತನೆಯ ಬಾಗಿಲುವಾಡ. ಇವೆಲ್ಲವೂ ಐನ್‌ಮನೆಯೆಂಬ ಕುಲದ ಮೂಲಮನೆಗೆ ಸೇರಿದವು. ಈ ಪಟ್ಟಿ ಸಿದ್ಧವಾದುದರಲ್ಲಿ ಬರಹದ ಪಾತ್ರವೂ ಇದೆ. ಜಿ. ರಿಕ್ಟರ್ ಅವರ ‘ಮ್ಯಾನ್ಯುಅಲ್ ಆಫ್ ಕೂರ್ಗ್’ (1870) ಕೊಡವರ ಉಡುಪು ಮತ್ತು ಆಯುಧಗಳನ್ನು ವಸಾಹತು ಆಡಳಿತದ ಓದುಗರಿಗೆ ಪರಿಚಯಿಸಿತು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಒಳಗಿನವರ ದನಿಯಲ್ಲಿ ಹಾಡು, ಪದ್ಧತಿ ಹಾಗೂ ಹಬ್ಬಗಳನ್ನು ದಾಖಲಿಸುತ್ತ ವಸ್ತುಗಳನ್ನು ಅವುಗಳ ಬಳಕೆಯ ಸಂದರ್ಭದಲ್ಲಿಯೇ ಉಳಿಸಿಕೊಟ್ಟಿತು. ಈ ಎರಡು ಗ್ರಂಥಗಳ ನಡುವಣ ವ್ಯತ್ಯಾಸ ಗಮನಾರ್ಹವಾದುದು. ಮೊದಲನೆಯದರಲ್ಲಿ ಕತ್ತಿ ಒಂದು ಜನಾಂಗದ ಲಕ್ಷಣ. ಎರಡನೆಯದರಲ್ಲಿ ಅದು ಒಂದು ಕರ್ಮದ ಅಂಗ. ಇಂದಿನ ಸಂಗ್ರಾಹಕನ ಕಣ್ಣು ರಿಕ್ಟರನ ನೋಟಕ್ಕೇ ಹೆಚ್ಚು ಹತ್ತಿರವಾಗಿದೆ.

ಇಂತಹ ವಸ್ತುಗಳು ಮನೆಯಿಂದ ಹೊರಬರುವುದಕ್ಕೆ ಹಲವು ಕಾರಣಗಳುಂಟು. ಒಕ್ಕದ ಕುಟುಂಬಗಳು ಕವಲೊಡೆದು ಬೇರೆ ಬೇರೆ ಮನೆ ಮಾಡಿದಾಗ ಐನ್‌ಮನೆಯ ದೊಡ್ಡ ಪಾತ್ರೆಗಳಿಗೆ ಅಡುಗೆಮನೆಯೇ ಇಲ್ಲವಾಯಿತು. ವಿದ್ಯುತ್ತು ಬಂದ ಮೇಲೆ ದೀಪಗಳಲ್ಲಿ ಬಹುಪಾಲು ಅಟ್ಟ ಸೇರಿದವು. ನೆಲ್ಲಕ್ಕಿ ನಡುಬಾಡೆಯ ದೀಪವೊಂದು ಮಾತ್ರ ಕಟ್ಟಳೆಯ ಬಲದಿಂದ ಉಳಿಯಿತು. ಅಳತೆಯ ಸಾಧನಗಳ ಕಥೆ ಇನ್ನೂ ಸ್ಪಷ್ಟವಾದುದು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಜಾರಿಗೆ ಬಂದು, 1960ರ ದಶಕದ ಆರಂಭದ ಹೊತ್ತಿಗೆ ಮೆಟ್ರಿಕ್ ಪದ್ಧತಿ ಕಡ್ಡಾಯವಾದಾಗ ಸೇರು, ಪಾವು, ಕೊಳಗಗಳು ವ್ಯವಹಾರದಿಂದ ಹೊರಬಿದ್ದವು. ನಿನ್ನೆಯವರೆಗೆ ಭತ್ತದ ಲೆಕ್ಕಕ್ಕೆ ಸಾಕ್ಷಿಯಾಗಿದ್ದ ಪಾತ್ರೆ ಒಂದು ಶಾಸನದಿಂದ ನಿರುಪಯುಕ್ತವಾಯಿತು. ನಿರುಪಯುಕ್ತವಾದುದರಿಂದಲೇ ಕಾಲಾಂತರದಲ್ಲಿ ಅಲಂಕಾರದ ವಸ್ತುವಾಯಿತು. ವಸ್ತುವೊಂದು ‘ಹಳೆಯದು’ ಆಗುವುದಕ್ಕೆ ವಯಸ್ಸೊಂದೇ ಸಾಲದು, ಅದು ಕೆಲಸದಿಂದ ಬಿಡುಗಡೆಯಾಗಬೇಕು ಎಂಬುದನ್ನು ಈ ನಿದರ್ಶನ ತೋರಿಸುತ್ತದೆ.

ತೋಟದ ಬಂಗಲೆಯ ಸಾಮಾನುಗಳನ್ನೂ ಇದೇ ಸಾಲಿಗೆ ಸೇರಿಸಬೇಕು. ಕೊಡಗಿನಲ್ಲಿ ಐರೋಪ್ಯರ ಕಾಫಿ ತೋಟಗಳು 1854ರಿಂದ ಆರಂಭವಾದವು. ಉದ್ದನೆಯ ಕೈಗಳ ಆರಾಮಕುರ್ಚಿ, ಬೀಟೆಯ ಮೇಜು, ಪಿಂಗಾಣಿಯ ತಟ್ಟೆಗಳು ಬಂಗಲೆಗಳಿಂದ ಹೊರಬಂದು ಹಳೆಯ ಪೀಠೋಪಕರಣದ ವ್ಯಾಪಾರಿಗಳ ಕೈ ಸೇರಿ, ಮುಂದೆ ಹೋಂಸ್ಟೇಗಳ ಪಡಸಾಲೆಗಳಲ್ಲಿ ಮರಳಿ ಪ್ರತಿಷ್ಠಾಪನೆಗೊಂಡಿವೆ. ಐನ್‌ಮನೆಯಾಗಲಿ ಬಂಗಲೆಯಾಗಲಿ, ಇವೆರಡಕ್ಕೂ ಸಮಾನವಾದ ಒಂದು ಅಂಶವಿದೆ: ವಸ್ತುವನ್ನು ತಲೆಮಾರುಗಳ ಕಾಲ ಇರಿಸಿಕೊಳ್ಳಲು ಬೇಕಾದ ಗಟ್ಟಿಯಾದ ಸೂರು ಮತ್ತು ಭೂಮಿಯ ಒಡೆತನ.

ಬಿದಿರಿನ ನಾಡಿನ ಬುಟ್ಟಿ

ಎರಡನೆಯ ವಸ್ತುಲೋಕಕ್ಕೆ ಇಂತಹ ಸೂರಿನ ಆಸರೆಯಿಲ್ಲ. ಕೌತುಕದ ಸಂಗತಿಯೆಂದರೆ, ಸಿದ್ದಾಪುರ ಮತ್ತು ಪಾಲಿಬೆಟ್ಟದ ಸುತ್ತಣ ಪ್ರದೇಶವು ಹತ್ತೊಂಬತ್ತನೆಯ ಶತಮಾನದ ಕಾಫಿ ಬೆಳೆಗಾರರ ಬರಹಗಳಲ್ಲಿ ‘ಬ್ಯಾಂಬೂ’ ಎಂಬ ಹೆಸರನ್ನೇ ಪಡೆದಿತ್ತು. ಬಿದಿರುಮೆಳೆಗಳನ್ನು ಕಡಿದು ಕಾಫಿ ನೆಟ್ಟ ನೆಲಕ್ಕೆ ಕಡಿದುಹಾಕಿದ ಗಿಡದ ಹೆಸರೇ ಉಳಿಯಿತು. ಆ ಬಿದಿರಿನ ಜ್ಞಾನ ಮಾತ್ರ ಮೇದರಲ್ಲಿಯೂ ಬೆಟ್ಟಕುರುಬರಲ್ಲಿಯೂ ಮುಂದುವರಿಯಿತು.

ಬುಟ್ಟಿಯ ಹೆಣಿಗೆ ಸರಳವಾದ ಕೆಲಸವಲ್ಲ. ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ ಬಿದಿರನ್ನು ಆರಿಸಬೇಕು. ಗಿಣ್ಣುಗಳ ಅಂತರ ನೋಡಿ ಸೀಳಬೇಕು. ಹೊರಮೈಯ ಬಿಗಿಯಾದ ಪದರವನ್ನು ಭಾರ ಹೊರುವ ಎಳೆಗಳಿಗೂ ಒಳಮೈಯ ಮೆದು ಪದರವನ್ನು ಭರ್ತಿಗೂ ಬೇರ್ಪಡಿಸಬೇಕು. ಎಳೆಗಳ ದಪ್ಪ ಒಂದೇ ಸಮನಾಗಿರದಿದ್ದರೆ ಬುಟ್ಟಿಯ ತಳ ಓರೆಯಾಗುತ್ತದೆ. ಬಾಯಂಚಿನ ಕಟ್ಟು ಸಡಿಲವಾದರೆ ಭಾರ ಬಿದ್ದಲ್ಲಿ ಬಿಚ್ಚಿಕೊಳ್ಳುತ್ತದೆ. ಕಾಳು ಕೇರುವ ಮೊರಕ್ಕೆ ನಯವೂ ಒತ್ತಾದ ಹೆಣಿಗೆಯೂ ಬೇಕು. ಮೀನು ಹಿಡಿಯುವ ಕೂಳಿಗೆ ನೀರು ಹರಿದುಹೋಗುವಷ್ಟು ಸಂದಿಯೂ, ಒಳಹೊಕ್ಕ ಮೀನು ಹಿಂದಿರುಗದಂತೆ ಒಳಮುಖವಾಗಿ ಬಾಗಿದ ಕಡ್ಡಿಗಳೂ ಬೇಕು. ಪ್ರತಿಯೊಂದು ಆಕಾರವೂ ಒಂದು ಕೆಲಸದ ಪ್ರಶ್ನೆಗೆ ಕಂಡುಕೊಂಡ ಉತ್ತರ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯುಂಡ ಬುಟ್ಟಿ ಕಪ್ಪಾಗಿ ಹೊಳೆಯುತ್ತದೆ, ಹುಳು ಹಿಡಿಯುವುದಿಲ್ಲ. ಸಂಗ್ರಾಹಕನಿಗೆ ಪ್ರಿಯವಾದ ಆ ಕಂದುಗಪ್ಪು ಬಣ್ಣ ಒಂದು ಮನೆಯ ಅಡುಗೆಯ ವರ್ಷಗಳ ಸಂಚಯ.

ಐನ್‌ಮನೆ ಮತ್ತು ಬುಟ್ಟಿ ಪರಸ್ಪರ ಅಪರಿಚಿತವಾದವುಗಳಲ್ಲ. ಪುತ್ತರಿಯಂದು ಗದ್ದೆಗೆ ಹೋಗಿ ಕದಿರು ತರುವಾಗ ದೀಪದ ಜೊತೆಯಲ್ಲಿ ಬಿದಿರಿನ ಕುಕ್ಕೆಯೂ ಇರುತ್ತದೆ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ತಮ್ಮ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನದಲ್ಲಿ ಮೇದರು ಬುಟ್ಟಿ ಹೆಣೆಯುವವರಾಗಿಯೂ ಹಬ್ಬಗಳಲ್ಲಿ ವಾದ್ಯ ನುಡಿಸುವವರಾಗಿಯೂ ಗ್ರಾಮವ್ಯವಸ್ಥೆಯಲ್ಲಿ ಪಡೆದಿದ್ದ ಸ್ಥಾನವನ್ನು ಗುರುತಿಸಿದ್ದಾರೆ. ಆಚರಣೆಯಲ್ಲಿ ದೀಪ ಮತ್ತು ಕುಕ್ಕೆಗಳೆರಡೂ ಅನಿವಾರ್ಯ. ಮಾರುಕಟ್ಟೆಗೆ ಬಂದಾಗ ಮಾತ್ರ ಒಂದು ಪ್ರಾಚ್ಯವಸ್ತುವಾಗುತ್ತದೆ, ಇನ್ನೊಂದು ಅಗ್ಗದ ಸಾಮಾನಾಗುತ್ತದೆ. ಲೋಹ ಬಾಳುತ್ತದೆ, ಬಿದಿರು ಬಾಳುವುದಿಲ್ಲ ಎಂಬ ಸಮಾಧಾನ ಇದಕ್ಕೆ ಪೂರ್ಣ ಉತ್ತರವಲ್ಲ. ದೀಪವನ್ನು ಇರಿಸಿಕೊಂಡ ಮನೆಯ ಹೆಸರು ದೀಪದೊಂದಿಗೆ ಬರುತ್ತದೆ. ಬುಟ್ಟಿಯನ್ನು ಹೆಣೆದ ಕೈಯ ಹೆಸರು ಬುಟ್ಟಿಯೊಂದಿಗೆ ಬರುವುದಿಲ್ಲ. ಈ ಅಸಮಾನತೆಯೇ ಬೆಲೆಯ ಅಸಮಾನತೆಯಾಗಿ ಪರಿಣಮಿಸುತ್ತದೆ.

ಇದರ ಜೊತೆಗೆ ಕಚ್ಚಾವಸ್ತುವಿನ ಬಿಕ್ಕಟ್ಟೂ ಸೇರಿದೆ. ಹೆಬ್ಬಿದಿರು ಸುಮಾರು ನಾಲ್ಕೈದು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುತ್ತದೆ. 2010ರ ನಂತರದ ವರ್ಷಗಳಲ್ಲಿ ನಾಗರಹೊಳೆಯ ಕಾಡುಗಳಲ್ಲಿ ಹೀಗೆಯೇ ಆಯಿತು. ಹೊಸ ಮೆಳೆ ಬಲಿಯಲು ವರ್ಷಗಳು ಬೇಕು. ಕಾನೂನಿನ ದೃಷ್ಟಿಯಿಂದ 2006ರ ಅರಣ್ಯಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸಿತು. 2017ರ ತಿದ್ದುಪಡಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ ಎಂಬ ವ್ಯಾಖ್ಯೆಯಿಂದ ಕೈಬಿಟ್ಟಿತು. ಕಾಗದದ ಮೇಲೆ ಹೆಣೆಯುವವನಿಗೆ ದಾರಿ ತೆರೆದ ಹೊತ್ತಿಗೆ ಕಾಡಿನಲ್ಲಿ ಬಿದಿರು ಒಣಗಿತ್ತು, ತೋಟದಲ್ಲಿ ಕಾಫಿ ಹಣ್ಣು ತುಂಬಲು ಪ್ಲಾಸ್ಟಿಕ್ ಚೀಲ ಬಂದಿತ್ತು.

ನೀರು ಕೊಂಡೊಯ್ದದ್ದು

2019ರ ಆಗಸ್ಟ್ ತಿಂಗಳಿನ ಕಾವೇರಿಯ ಪ್ರವಾಹದಲ್ಲಿ ನೆಲ್ಯಹುದಿಕೇರಿ ಮತ್ತು ಎದುರು ದಂಡೆಯ ಕರಡಿಗೋಡಿನ ನದಿತೀರದ ಮನೆಗಳು ಕುಸಿದುಬಿದ್ದವು. ಸಂತ್ರಸ್ತರು ಬಹುಕಾಲ ಪರಿಹಾರ ಕೇಂದ್ರದಲ್ಲಿ ಉಳಿಯಬೇಕಾಯಿತು. ಪುನರ್ವಸತಿಗೆ ಅಭ್ಯತ್‌ಮಂಗಲದಲ್ಲಿ ಜಾಗ ಗುರುತಿಸಲಾಯಿತು. ಈ ಘಟನೆ ವಸ್ತುಸಂಸ್ಕೃತಿಯ ಅಧ್ಯಯನಕ್ಕೆ ಹೊರಗಿನದಲ್ಲ. ಎತ್ತರದ ದಿಣ್ಣೆಯ ಮೇಲೆ ಕಟ್ಟಿದ ಮನೆಯಲ್ಲಿ ವಸ್ತು ನೂರು ವರ್ಷ ಬಾಳುತ್ತದೆ. ಹೊಳೆಯಂಚಿನ ಮನೆಯಲ್ಲಿ ಅದೇ ವಸ್ತು ಒಂದು ಮಳೆಗಾಲದಲ್ಲಿ ಇಲ್ಲವಾಗುತ್ತದೆ. ಹೀಗೆ ಮುಳುಗಿದ ಮನೆಯವರು ಹಳೆಯದನ್ನು ಉಳಿಸಿಕೊಳ್ಳಲಿಲ್ಲವೆಂದು ಹೇಳುವಂತಿಲ್ಲ. ಉಳಿಸಿಕೊಳ್ಳುವ ಅವಕಾಶವೇ ಅವರಿಗೆ ಸಮಾನವಾಗಿ ದೊರೆತಿರಲಿಲ್ಲ. ಪುರಾತನತೆಯನ್ನೇ ಮೌಲ್ಯದ ಮಾನದಂಡವಾಗಿಸಿಕೊಂಡ ಸಂಗ್ರಹವು ಅರಿವಿಲ್ಲದೆಯೇ ಎತ್ತರದ ನೆಲದವರ ಚರಿತ್ರೆಯನ್ನು ಮಾತ್ರ ಕಾಪಾಡುತ್ತದೆ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಖ್ಯೆಯೂ ಕಾಲಮಾನವನ್ನೇ ಅವಲಂಬಿಸಿದೆ: ವಸ್ತುಗಳಿಗೆ ಕನಿಷ್ಠ ನೂರು ವರ್ಷ, ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ. ಕಳ್ಳಸಾಗಣೆಯನ್ನು ತಡೆಯಲು ಇಂತಹ ಗೆರೆ ಅಗತ್ಯ. ಆದರೆ ರಕ್ಷಣೆಗೆ ಎಳೆದ ಗೆರೆಯನ್ನೇ ಅಧ್ಯಯನದ ಗೆರೆಯಾಗಿಯೂ ಸ್ವೀಕರಿಸಿದರೆ ಬಿದಿರು, ಸೋರೆ, ಎಲೆ, ನಾರುಗಳ ಲೋಕವೆಲ್ಲ ಹೊರಗುಳಿಯುತ್ತದೆ.

ವಸ್ತುವನ್ನು ಓದುವ ಬಗೆ

ಶೋಧಕನ ಕೌಶಲವನ್ನು ಇಲ್ಲಿ ಕಡೆಗಣಿಸುತ್ತಿಲ್ಲ. ಒಳ್ಳೆಯ ಶೋಧಕ ವಸ್ತುವನ್ನು ಕಣ್ಣಿನಿಂದಷ್ಟೇ ಅಲ್ಲದೆ ಕಿವಿ, ಬೆರಳುಗಳಿಂದಲೂ ಓದುತ್ತಾನೆ. ತಾಮ್ರ ಮತ್ತು ತವರ ಬೆರೆತ ಕಂಚು ತಟ್ಟಿದಾಗ ದೀರ್ಘವಾಗಿ ನುಡಿಯುತ್ತದೆ. ತಾಮ್ರ ಮತ್ತು ಸತುವಿನ ಹಿತ್ತಾಳೆಯ ನಾದ ಬೇಗ ಅಡಗುತ್ತದೆ. ಮೇಣದ ಅಚ್ಚಿನಲ್ಲಿ ಎರೆದ ದೀಪದಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಯಂತ್ರದ ಅಚ್ಚಿನದರಲ್ಲಿ ಜೋಡಣೆಯ ಗೆರೆ ಒಂದೇ ಕಡೆ ಮರುಕಳಿಸುತ್ತದೆ. ನಿಜವಾದ ಸವಕಳಿ ಕೈ ತಾಗುವೆಡೆ ಮಾತ್ರ ಇರುತ್ತದೆ. ಆಮ್ಲ ಸವರಿ ಅಥವಾ ಮಣ್ಣಲ್ಲಿ ಹೂತು ಹಳೆಯದಾಗಿಸಿದ ವಸ್ತುವಿನ ಮೇಲೆ ಕಲೆ ಎಲ್ಲೆಡೆಯೂ ಸಮನಾಗಿ ಹರಡಿರುತ್ತದೆ. ಪ್ರವಾಸಿಗರಿಗಾಗಿ ತಯಾರಾಗುವ ಪೀಚೆಕತ್ತಿಗಳು ಹೆಚ್ಚಿರುವ ಇಂದಿನ ಕಾಲದಲ್ಲಿ ಈ ವಿವೇಚನೆ ಅತ್ಯಗತ್ಯ. ದಂತದ ಹಿಡಿಯುಳ್ಳ ಕತ್ತಿಯ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಅಪರಾಧವೆಂಬುದನ್ನೂ, ಕೈಮಡದಲ್ಲಿ ಪೂರ್ವಜರಿಗೆ ಸಂದ ವಸ್ತು ಸರಕಲ್ಲವೆಂಬುದನ್ನೂ ಶೋಧಕ ಅರಿತಿರಬೇಕು.

ಆದರೆ ಈ ಓದು ‘ಇದು ನಿಜವೇ?’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ. ಮಾನವಶಾಸ್ತ್ರಜ್ಞ ಇಗೋರ್ ಕೊಪಿಟಾಫ್ 1986ರಲ್ಲಿ ವಸ್ತುಗಳಿಗೂ ಜೀವನಚರಿತ್ರೆ ಇರುತ್ತದೆಯೆಂದು ವಾದಿಸಿದರು. ಯಾರು ಮಾಡಿದರು, ಯಾವಾಗ ಸರಕಾಯಿತು, ಯಾವಾಗ ಸರಕಿನ ಸ್ಥಿತಿಯಿಂದ ಹಿಂದೆ ಸರಿಯಿತು ಎಂಬುವು ಆ ಚರಿತ್ರೆಯ ಘಟ್ಟಗಳು. ಸಂತೆಯಲ್ಲಿ ಕೊಂಡ ವಸ್ತುವಿನ ಚರಿತ್ರೆಯ ಮೊದಲ ಘಟ್ಟ ಅಲ್ಲಿಯೇ, ಮಾರುವವನ ಬಾಯಲ್ಲಿಯೇ ಇರುತ್ತದೆ. ಅದನ್ನು ಕೇಳಿ ಬರೆದುಕೊಳ್ಳದೆ ಕೊಂಡೊಯ್ದರೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಕೊಡಲಾರದು.

ಇನ್ನೊಂದು ನಿದರ್ಶನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ತಿತಿಮತಿಯ ಬಳಿಯ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬರು ಮತ್ತಿತರರು ಸೋರೆಬುರುಡೆಯ ಜೊತೆಗೆ ಪ್ಲಾಸ್ಟಿಕ್ ಡಬ್ಬ, ಬಿಂದಿಗೆಗಳನ್ನೂ ತಾಳಕ್ಕೆ ಬಡಿಯುತ್ತಾರೆ. ಸಂಗ್ರಾಹಕನ ಕಣ್ಣು ಬುರುಡೆಯನ್ನು ಆರಿಸಿಕೊಂಡು ಡಬ್ಬವನ್ನು ಅಪಭ್ರಂಶವೆಂದು ಬಿಡುತ್ತದೆ. ಆಚರಣೆಯ ದೃಷ್ಟಿಯಿಂದ ಡಬ್ಬವೂ ಅಷ್ಟೇ ಅಧಿಕೃತ. ಜೀವಂತ ಸಂಪ್ರದಾಯವೊಂದು ಕೈಗೆ ಸಿಕ್ಕಿದ್ದನ್ನು ತನ್ನದಾಗಿಸಿಕೊಂಡ ಪುರಾವೆ ಅದು.

ಸಂಗ್ರಹದ ಮಾದರಿಗಳು

ಕರ್ನಾಟಕದಲ್ಲಿ ಸಂಗ್ರಹದ ಶ್ರೇಷ್ಠ ಮಾದರಿಗಳಿವೆ. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲಾಗುತ್ತಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಕಳಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರುಜೋಡಿಸಿದರು. ವಸ್ತುವನ್ನು ಅದರ ಮನೆಯೊಂದಿಗೇ ಉಳಿಸಬೇಕೆಂಬ ತತ್ತ್ವ ಆ ಪ್ರಯತ್ನದ ಹಿರಿಮೆ. ಎಚ್.ಎಲ್. ನಾಗೇಗೌಡರ ಜಾನಪದ ಲೋಕ ಹಾಗೂ ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯಗಳು ದುಡಿಯುವ ಜನರ ಉಪಕರಣಗಳಿಗೆ ಮೊದಲ ಬಾರಿಗೆ ಗೌರವದ ಸ್ಥಾನ ನೀಡಿದವು. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಕೊಡಗಿನ ಐನ್‌ಮನೆಗಳನ್ನು ಕುರಿತು ನಡೆಸಿದ ವ್ಯಾಪಕ ಕ್ಷೇತ್ರಕಾರ್ಯ ಮನೆಯೊಂದನ್ನು ದಾಖಲಿಸುವ ಕ್ರಮಕ್ಕೆ ಆದರ್ಶಪ್ರಾಯವಾಗಿದೆ. ಅಷ್ಟೇ ಶ್ರದ್ಧೆಯಿಂದ ತೋಟದ ಲೈನ್ ಮನೆಯ ಮತ್ತು ಹಾಡಿಯ ವಸ್ತುಗಳನ್ನು ದಾಖಲಿಸುವ ಕೆಲಸ ಇನ್ನು ನಡೆಯಬೇಕಾಗಿದೆ.

ಜಪಾನಿನ ಯಾನಾಗಿ ಸೋಯೆತ್ಸು 1920ರ ದಶಕದಲ್ಲಿ ‘ಮಿಂಗೈ’ ಎಂಬ ಪರಿಕಲ್ಪನೆಯ ಮೂಲಕ ಸಾಮಾನ್ಯರ ಕೈಕಸುಬಿನ ಸೌಂದರ್ಯವನ್ನು ಎತ್ತಿಹಿಡಿದು, 1936ರಲ್ಲಿ ಟೋಕಿಯೊದಲ್ಲಿ ಅದಕ್ಕಾಗಿಯೇ ವಸ್ತುಸಂಗ್ರಹಾಲಯ ಸ್ಥಾಪಿಸಿದರು. ಬುಟ್ಟಿಯನ್ನು ದೀಪದ ಸಾಲಿಗೆ ತರುವಲ್ಲಿ ಈ ಚಿಂತನೆ ನೆರವಾಗುತ್ತದೆ. ಆದರೆ ಕುಶಲಕರ್ಮಿಯ ಅನಾಮಿಕತೆಯನ್ನೇ ಒಂದು ಗುಣವಾಗಿ ಕಂಡ ಯಾನಾಗಿಯವರ ನಿಲುವನ್ನು ಕೊಡಗಿನ ಸಂದರ್ಭದಲ್ಲಿ ಹಾಗೆಯೇ ಒಪ್ಪಲಾಗದು. ಇಲ್ಲಿ ಹೆಣೆಯುವವನು ಅನಾಮಿಕನಾದುದು ವಿನಯದಿಂದಲ್ಲ, ಹೆಸರು ಕೇಳುವವರಿಲ್ಲದುದರಿಂದ. ಹೆಸರುಳ್ಳವರು ಹೆಸರಿಲ್ಲದವರ ಅನಾಮಿಕತೆಯನ್ನು ಮೆಚ್ಚುವುದರಲ್ಲಿ ಒಂದು ಬಗೆಯ ಯಜಮಾನಿಕೆ ಅಡಗಿದೆ.

ಸಮಾರೋಪ

ಈ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಂದು, ಸಂತೆಯ ಶೋಧವನ್ನು ನಿಲ್ಲಿಸಬೇಕೆಂಬುದು ಇಲ್ಲಿನ ವಾದವಲ್ಲ. ಗುಜರಿಯ ಕುಲುಮೆ ಸೇರಬಹುದಾಗಿದ್ದ ಅನೇಕ ವಸ್ತುಗಳನ್ನು ಹವ್ಯಾಸಿ ಸಂಗ್ರಾಹಕರೇ ಉಳಿಸಿದ್ದಾರೆ. ಎರಡು, ಹಳೆಯ ವಸ್ತುವಿಗೂ ಕೈಕಸುಬಿನ ಹೊಸ ವಸ್ತುವಿಗೂ ಒಂದೇ ಅಳತೆಗೋಲು ಸಲ್ಲದು. ಮೊದಲನೆಯದರಲ್ಲಿ ಕಾಪಾಡಬೇಕಾದುದು ವಸ್ತು. ಎರಡನೆಯದರಲ್ಲಿ ಕಾಪಾಡಬೇಕಾದುದು ಮಾಡುವ ಬಲ್ಮೆ. ದೀಪವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಬಹುದು. ಬುಟ್ಟಿ ಉಳಿಯಬೇಕಾದರೆ ಮುಂದಿನ ಭಾನುವಾರವೂ ಅದನ್ನು ಹೆಣೆದು ತರುವವರಿಗೆ ಬಿದಿರು ಸಿಗಬೇಕು, ದಿನದ ಕೂಲಿಗೆ ಸಮನಾದ ಬೆಲೆ ದೊರೆಯಬೇಕು. ಹೊಸ ಬುಟ್ಟಿಗೆ ನಡೆಯುವ ಚೌಕಾಶಿ ಸಂಪ್ರದಾಯದ ಬುಡವನ್ನೇ ಕೊಯ್ಯುತ್ತದೆ.

ಮೂರನೆಯದು ಸಂಸ್ಥೆಗಳಿಗೆ ಸಂಬಂಧಿಸಿದ ಮಾತು. ವಸ್ತುಸಂಗ್ರಹಾಲಯಗಳು, ಅಕಾಡೆಮಿಗಳು ಹಾಗೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಸಂತೆಯನ್ನೇ ಕ್ಷೇತ್ರವಾಗಿ ಪರಿಗಣಿಸಿ, ವಸ್ತುವಿನ ಹೆಸರು ಆಯಾ ಸಮುದಾಯದ ನುಡಿಯಲ್ಲಿ ಏನು, ಹೆಣೆದವರು ಯಾರು, ಯಾವ ಕೆಲಸಕ್ಕೆ, ಯಾವ ಸಂತೆಯಲ್ಲಿ, ಯಾವ ಬೆಲೆಗೆ ಎಂಬ ವಿವರಗಳನ್ನು ಮಾಡಿದವರ ಒಪ್ಪಿಗೆಯೊಂದಿಗೆ ದಾಖಲಿಸುವ ವಹಿಯನ್ನು ರೂಪಿಸಬೇಕಾಗಿದೆ. ಕುಕ್ಕೆ, ಮೊರ, ಕೂಳಿಗಳಿಗೆ ಯರವ, ಕುರುಬ ನುಡಿಗಳಲ್ಲಿರುವ ಪದಗಳು ಇಂದಿಗೂ ಸಂತೆಯ ಮಾತಿನಲ್ಲಿ ಕೇಳಿಬರುತ್ತಿರುವಾಗಲೇ ಈ ಕೆಲಸ ಆಗಬೇಕು. ಐನ್‌ಮನೆಯ ದೀಪಕ್ಕೆ ಒಕ್ಕದ ಹೆಸರಿದೆ, ಬರಹದ ಬೆಂಬಲವಿದೆ, ಕಾಯಿದೆಯ ರಕ್ಷಣೆಯಿದೆ. ಹೊಳೆದಂಡೆಯ ಬುಟ್ಟಿಗೆ ಸದ್ಯಕ್ಕೆ ಇರುವುದು ಅದನ್ನು ಮುಂದಿಟ್ಟುಕೊಂಡು ಕುಳಿತ ಹೆಣೆಗಾರರ ನೆನಪೊಂದೇ.